ಡೋಣಿಯ ಏರಿನಲ್ಲಿ ಇದ್ದಿಲ ಮೋಟಾರು

ತಿಕೋಟಾದ ತನಕ ಏನೂ ಆಗುತ್ತಿರಲಿಲ್ಲ. ವಿಜಾಪುರ ಬಿಟ್ಟು ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಬರುವವರೆಗೆ ಎಂಜಿನ್ ಹೇಳಿದ ಮಾತು ಕೇಳುತ್ತಿತ್ತು. ಅಲ್ಲಿ ನಿಂತು, ಜನ ಇಳಿದು ಹತ್ತಿ, ಬಬಲೇಶ್ವರದ ಕಚ್ಚಾ ರಸ್ತೆಗೆ ಹೊರಳಿದ ಮೇಲೆ ಅದರ ಶಕ್ತಿ ಎಲ್ಲೋ ಸೋರಿಹೋಗುತ್ತಿತ್ತು. ಡೋಣಿ ಹೊಳೆ ದಾಟಿ ಆಚೆ ದಂಡೆಯ ಏರು ಹತ್ತುವಾಗ ಮೊದಲ ಗೇರಿನಲ್ಲೂ ಉಸಿರುಕಟ್ಟಿ ನಿಂತುಬಿಡುತ್ತಿತ್ತು.

ಹೀಗೆ ಬರೆದರೆ ಆಗಲೇ ನಮಗೆ ಇದೆಲ್ಲ ಗೊತ್ತಿತ್ತು ಅನ್ನಿಸುತ್ತದೆ. ಗೊತ್ತಿರಲಿಲ್ಲ. ‘ತಿಕೋಟಾದ ತನಕ’ ಎಂಬ ಮಾತು ಸಿಕ್ಕದ್ದು ಆಮೇಲೆ. ಆಗ ಇದ್ದದ್ದು ಇಷ್ಟೇ: ಮೋಟಾರು ಒಂದು ದಿನ ಏರು ಹತ್ತುತ್ತದೆ, ಇನ್ನೊಂದು ದಿನ ಹತ್ತುವುದಿಲ್ಲ. ಡ್ರೈವರ್ ನನ್ನನ್ನು ಬಯ್ಯುತ್ತಾನೆ, ನಾನು ಇದ್ದಿಲನ್ನು ಬಯ್ಯುತ್ತೇನೆ.

ಯುದ್ಧದ ಕಾಲ. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು, ಸಿಕ್ಕದ್ದು ಸಾಲುತ್ತಿರಲಿಲ್ಲ. ಊರಲ್ಲಿ ಹಲವು ಮೋಟಾರುಗಳು ಗಾಲಿ ಬಿಚ್ಚಿಸಿಕೊಂಡು ಕಲ್ಲಿನ ಮೇಲೆ ಕೂತಿದ್ದವು. ನಮ್ಮ ಮಾಲಕರ ಬಳಿ ಇದ್ದದ್ದು ಒಂದೇ ಮೋಟಾರು. ಅದರ ಬೆನ್ನಿಗೆ ಇದ್ದಿಲಿನ ಗ್ಯಾಸ್ ಪ್ಲಾಂಟ್ ಕೂಡಿಸಿದವನು ನಾನು. ಕೂಡಿಸುವುದಷ್ಟೇ ಅಲ್ಲ, ಗ್ಯಾಸು ಮೆಲ್ಲಗೆ ಉರಿಯುತ್ತದೆ, ಅದನ್ನು ಹೆಚ್ಚು ಒತ್ತಿದರೆ ಮಾತ್ರ ಬಲ ಬರುತ್ತದೆ ಎಂದು ಎಂಜಿನ್ನಿನ ಹೆಡ್ಡನ್ನೇ ಬಿಚ್ಚಿ ತೆಳ್ಳಗೆ ಹೆರೆಸಿದ್ದೆ. ಹೆರೆಸಿದ ಹೆಡ್ಡು ಮತ್ತೆ ದಪ್ಪವಾಗುವುದಿಲ್ಲ. ಅದಕ್ಕಿನ್ನು ಪೆಟ್ರೋಲು ಹಾಕಿ ಭಾರ ಎಳೆಸಿದರೆ ಒಳಗೆ ಸುತ್ತಿಗೆಯಿಂದ ಬಡಿದಂತೆ ಬಡಿಯುತ್ತದೆ. ಹಿಂದಕ್ಕೆ ಹೋಗುವ ದಾರಿಯನ್ನು ನಾನೇ ಮುಚ್ಚಿದ್ದೆ.

ಮಾಗಿಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಕೂರುವ ಬಾಕುಗಳ ತುಂಬ ಜನರನ್ನು ಕೂಡಿಸಿ, ಪೆಟ್ರೋಲು ಮುಟ್ಟದೆ, ವಿಜಾಪುರದಿಂದ ತಿಕೋಟಾದ ಮೇಲೆ ಬಬಲೇಶ್ವರಕ್ಕೆ ಹೋಗಿ ತೋರಿಸಬೇಕು. ತೋರಿಸಿದರೆ ಆ ದಾರಿಯ ಪರವಾನಿಗೆ ನಮ್ಮದು. ಇಲ್ಲದಿದ್ದರೆ ನಮ್ಮ ಮೋಟಾರೂ ಕಲ್ಲಿನ ಮೇಲೆ ಕೂಡಬೇಕು. ಅದರ ಜೊತೆ ಡ್ರೈವರೂ ನಾನೂ.

ಗ್ಯಾಸಿನ ಕೆಲಸ ಹೇಗೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪಿಸ್ಟನ್ ಕೆಳಗಿಳಿದಾಗ ಎಂಜಿನ್ ಉಸಿರೆಳೆಯುತ್ತದೆ. ಪೆಟ್ರೋಲಿನ ಗಾಡಿಯಲ್ಲಿ ಆ ಉಸಿರು ಕಾರ್ಬುರೇಟರಿನ ಕಿರಿದಾದ ಗಂಟಲಲ್ಲಿ ಹಾದು, ಪೆಟ್ರೋಲನ್ನು ಮಂಜಿನಂತೆ ಎತ್ತಿಕೊಂಡು ಹೋಗುತ್ತದೆ. ನಮ್ಮ ಮೋಟಾರಿನಲ್ಲಿ ಅದೇ ಉಸಿರಿನ ಎಳೆತ ಹಿಂದುಗಡೆ ಕಟ್ಟಿದ ಎತ್ತರದ ತಗಡಿನ ಉರುಳೆಯ ತನಕ ಹೋಗುತ್ತಿತ್ತು. ಉರುಳೆಯ ತುಂಬ ಇದ್ದಿಲು. ನಡುವಿನ ಒಂದು ಸಣ್ಣ ನಳಿಗೆಯಿಂದ ಗಾಳಿ ಒಳಬಂದು ಅಲ್ಲಿ ಇದ್ದಿಲು ನಿಗಿನಿಗಿ ಉರಿಯಬೇಕು. ಉರಿದ ಗಾಳಿ ಕೆಳಗಿನ ಕೆಂಪು ಕೆಂಡಗಳ ನಡುವೆ ನುಸುಳುವಾಗ ಮತ್ತೆ ಉರಿಯಬಲ್ಲ ಗ್ಯಾಸಾಗಿ ತಿರುಗುತ್ತದೆ. ಆ ಗ್ಯಾಸು ಉರುಳೆಯ ತಳದ ಬೂದಿ ಗೂಡಿನ ಪಕ್ಕದಿಂದ ಹೊರಬಿದ್ದು, ಮೋಟಾರಿನ ಹೊಟ್ಟೆಯ ಕೆಳಗಿನ ಉದ್ದನೆಯ ಕೊಳವೆಗಳಲ್ಲಿ ತಣ್ಣಗಾಗಿ, ಬಟ್ಟೆಯಲ್ಲಿ ಸೋಸಿಕೊಂಡು ಎಂಜಿನ್ ಸೇರಬೇಕು. ಸೇರುವ ಮುಂಚೆ ಅದಕ್ಕೆಷ್ಟು ಗಾಳಿ ಬೆರೆಸುವುದೆಂಬುದು ಡ್ರೈವರನ ಕೈಯಲ್ಲಿದ್ದ ಒಂದು ಸಣ್ಣ ಹಿಡಿಕೆಯ ಲೆಕ್ಕ. ಅವನು ಸದ್ದು ಕೇಳಿ ಅದನ್ನು ಹಿಂದೆ ಮುಂದೆ ಮಾಡುತ್ತಿದ್ದ.

ಗಾಳಿ ಬೇಕಾದಲ್ಲಿ ಬರಬೇಕು, ಬೇಡವಾದಲ್ಲಿ ಬರಬಾರದು. ಇಡೀ ವಿದ್ಯೆ ಇಷ್ಟೇ.

ನಾನು ಮೊದಲು ಇದ್ದಿಲು ಬದಲಿಸಿದೆ. ಹತ್ತಿಕಟ್ಟಿಗೆಯ ಇದ್ದಿಲು ಪುಡಿಯಾಗುತ್ತದೆ ಎಂದು ಜಾಲಿಯ ಇದ್ದಿಲು ತರಿಸಿದೆ. ಸೋಸುವ ಬಟ್ಟೆ ಬಿಚ್ಚಿದರೆ ಒಂದು ಮೂಲೆ ಕಂದಿತ್ತು. ಹಳೆಯ ಬಟ್ಟೆ ಇರಬೇಕೆಂದು ಹೊಸದು ಹಾಕಿದೆ. ಅದೂ ಕಂದಿತು. ಕಿಡಿ ಬೇಗ ಹಾರಲೆಂದು ಟೈಮಿಂಗು ಮುಂದಕ್ಕೆ ತಂದೆ. ಪ್ಲಗ್ಗು ಬದಲಿಸಿದೆ. ಒಂದು ದಿನ ಏರು ಹತ್ತಿತು, ಮಾಲಕರು ನನ್ನ ಬೆನ್ನು ತಟ್ಟಿದರು. ಮರುದಿನ ಹತ್ತಲಿಲ್ಲ. ಹತ್ತಿದ ದಿನಕ್ಕೂ ನಾನು ಮಾಡಿದ್ದಕ್ಕೂ ಸಂಬಂಧವೇ ಇರಲಿಲ್ಲ ಎಂಬುದು ಹತ್ತದೇ ಹೋದದ್ದಕ್ಕಿಂತ ಹೆಚ್ಚು ಕೊರೆಯಿತು.

ಕೊನೆಗೆ ವಿಜಾಪುರದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು, ಊದಿನಕಡ್ಡಿ ಹಚ್ಚಿಕೊಂಡು ಒಂದೊಂದೇ ಜೋಡಣೆಯ ಬಳಿ ಹಿಡಿದೆ. ಎಲ್ಲಿ ಸಂದು ಇರುತ್ತದೋ ಅಲ್ಲಿ ಹೊಗೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಡ್ರೈವರ್ ಬೀಡಿ ಸೇದುತ್ತ ನೋಡುತ್ತಿದ್ದ. “ಮಿಸ್ತ್ರಿ ಪೂಜಾ ಸುರು ಮಾಡ್ಯಾರ. ಕಾಯಿ ತರಲೇನ್ರಿ?”

“ಸುಮ್ನ ಕುಂಡ್ರಲೇ. ಹೊಗಿ ಎಲ್ಲಿ ಹೊಕ್ಕತೈತಿ ನೋಡಾಕತ್ತೇನಿ.”

“ನಿಮ್ಮ ತಲ್ಯಾಗ ಹೊಕ್ಕೈತಿ, ಮತ್ತೆಲ್ಲಿ.”

ಹೊಗೆ ಎಲ್ಲೂ ಹೊಗಲಿಲ್ಲ. ನೆಟ್ಟಗೆ ಮೇಲೇರಿತು. ಮೇಲಿನ ಮುಚ್ಚಳ, ನಳಿಗೆ, ಕೊಳವೆಗಳ ಕೂಡು, ಬೂದಿ ಗೂಡಿನ ಬಾಗಿಲು, ಎಲ್ಲವೂ ಬಿಗಿ. ಶೆಡ್ಡಿನಲ್ಲಿ ಇಲ್ಲದ ರೋಗ ದಾರಿಯಲ್ಲಿ ಹುಟ್ಟುತ್ತಿದೆ ಎಂದು ನನಗೆ ಅಂದು ಹೊಳೆಯಿತು ಎಂದು ಹೇಳಿಕೊಳ್ಳುವ ಆಸೆ ಆಗುತ್ತದೆ. ನಿಜ ಹೇಳಬೇಕೆಂದರೆ ಮಾಲಕರು, “ನೀವ ಒಮ್ಮಿ ಕೂತ ಹೋಗಿ ನೋಡ್ರಿ, ಇಲ್ಲೇ ಕುಂತ ಊದಿನಕಡ್ಡಿ ಹಚ್ಚಿದ್ರ ಡೋಣಿ ಏರತೈತೇನು?” ಎಂದು ಸಿಡುಕಿದರು. ಅದಕ್ಕೆ ಹೋದೆ.

ತಿಕೋಟಾದಲ್ಲಿ ಮೋಟಾರು ನಿಂತಿತು. ನಾನು ಇಳಿದು ಮುಂದಕ್ಕೆ ಹೋಗಿ ಬಾನೆಟ್ ಎತ್ತಿ ಪ್ಲಗ್ಗಿನ ತಂತಿಗಳ ಮೇಲೆ ಬಗ್ಗಿದೆ. ಹಿಂದುಗಡೆ ಜನರ ಗದ್ದಲ, ನಗು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ರೈತ ನನ್ನ ಮೊಣಕೈ ಮುಟ್ಟಿ ಎಲೆಯ ಮೇಲೆ ಸೀತನಿ ಕೊಟ್ಟ. ಹಾಲುತುಂಬಿದ ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತೆಗೆದ ಬಿಸಿ ಕಾಳು. ಪಕ್ಕಕ್ಕೆ ಗುರೆಳ್ಳು ಚಟ್ನಿ, ಒಂದು ಚೂರು ಬೆಲ್ಲ. ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು.

“ಭಾಳ ಚಲೋ ಸುಟ್ಟೀರಿ. ಎಲ್ಲೆ, ಹೊಲದಾಗೇನು?”

“ಹೊಲದಾಗ ಯಾಕ್ರಿ? ನಿಮ್ಮ ಮೋಟಾರದಾಗ!”

ಬಾಯಲ್ಲಿದ್ದದ್ದನ್ನು ನುಂಗಿದೆನೋ ಉಗುಳಿದೆನೋ ನೆನಪಿಲ್ಲ. ಹಿಂದಕ್ಕೆ ಓಡಿದೆ. ಬೂದಿ ಗೂಡಿನ ಬಾಗಿಲು ಹಾರುಹೊಡೆದಿತ್ತು. ಸುತ್ತ ಏಳೆಂಟು ಮಂದಿ ಕುಕ್ಕರುಗಾಲಲ್ಲಿ ಕೂತಿದ್ದರು. ಒಬ್ಬ ತೆನೆಯ ದಂಟು ಹಿಡಿದು ಗೂಡಿನೊಳಗೆ ತಿರುವುತ್ತಿದ್ದ. ನಮ್ಮ ಡ್ರೈವರ್ ಅವರ ನಡುವೆ, ಊಟಕ್ಕೆ ಕೂಡಿಸಿದ ಮನೆಯವನ ಠೀವಿಯಲ್ಲಿ, “ಆ ಕಡೆ ಕೆಂಡ ಚಲೋ ಅದಾವ ನೋಡು” ಎಂದು ದಾರಿ ತೋರಿಸುತ್ತಿದ್ದ. ತೆನೆ ಬೆಂದ ಮೇಲೆ ಬಾಗಿಲು ಹಾಕಿ, ಕೊಕ್ಕೆ ಬಿಗಿದು, ಕಾಲಿಂದ ಒಂದು ಒದೆ ಕೊಟ್ಟು, “ನಡೀರಿ” ಎಂದ.

ನಾನು ಕೊಕ್ಕೆ ತೆಗೆಸಿದೆ. ಬಾಗಿಲಿನ ಸುತ್ತ ಕಾಲುವೆಯಂಥ ಒಂದು ತೋಡು ಇತ್ತು. ಅದರಲ್ಲಿ ಬೆಂಕಿಗೆ ಸುಡದ ಕಲ್ನಾರಿನ ಹಗ್ಗ ಕೂಡಿಸಿದ್ದೆ; ಬಾಗಿಲು ಆ ಹಗ್ಗದ ಮೇಲೆ ಒತ್ತಿ ಕೂತರೆ ಗಾಳಿ ಹೊಗುವುದಿಲ್ಲ. ಈಗ ಹಗ್ಗದ ಮೇಲೆಲ್ಲ ಜೋಳದ ಹೊಟ್ಟು, ತೆನೆಯ ಕಡ್ಡಿ. ಊದಿನಕಡ್ಡಿ ಬೇಕಾಗಲಿಲ್ಲ. ಎಂಜಿನ್ ಚಾಲೂ ಮಾಡಿಸಿ ಡ್ರೈವರನ ಬೀಡಿ ಕಿತ್ತುಕೊಂಡು ಹತ್ತಿರ ಹಿಡಿದರೆ ಹೊಗೆ ಸರ್ರನೆ ಒಳಗೆ ಹೋಯಿತು. ಒಳಹೋದ ಗಾಳಿ ಆಗಷ್ಟೇ ಹುಟ್ಟಿದ ಗ್ಯಾಸನ್ನು ಗೂಡಿನಲ್ಲೇ ಉರಿಸಿಬಿಡುತ್ತಿತ್ತು. ಎಂಜಿನ್ನಿಗೆ ತಲುಪುತ್ತಿದ್ದದ್ದು ಸುಟ್ಟುಹೋದ ಬಿಸಿ ಗಾಳಿ. ಬಟ್ಟೆ ಕಂದಿದ್ದು ಅದಕ್ಕೆ. ರಾತ್ರಿ ಶೆಡ್ಡಿಗೆ ಬಂದ ಮೇಲೆ ಕ್ಲೀನರ್ ಗೂಡು ಬಳಿದು ತೊಳೆಯುತ್ತಿದ್ದ. ಆದ್ದರಿಂದ ಬೆಳಿಗ್ಗೆ ನನ್ನ ಮುಂದೆ ಎಲ್ಲ ಬಿಗಿ.

“ದಿನಾ ಹಿಂಗ ಮಾಡ್ತೀರೇನು?”

“ತೆನಿ ತಂದ ದಿನ ಮಾಡ್ತೇವಿ. ತರದಿದ್ರ ಇಲ್ಲ.”

“ಒಂದ ದಿನಾರ ನನಗ ಹೇಳ್ಬಾರ್ದ?”

ಡ್ರೈವರನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಇದರಾಗ ಹೇಳೂದೇನೈತ್ರಿ? ಕೆಂಡ ಇಟ್ಕೊಂಡು ಊರಾಗ ಬಂದು ನಿಂತು, ಸೀತನಿ ಸುಡಬ್ಯಾಡ್ರಿ ಅಂದ್ರ ಜನ ನಮ್ಮನ್ನ ಮನಷ್ಯಾರ ಅಂದಾರೇನು?”

ಮಾಗಿಯಲ್ಲಿ ಯಾರ ಹೊಲದಲ್ಲಿ ಕೆಂಡ ಹೂಡಿದ್ದರೂ ದಾರಿಹೋಕರನ್ನು ಕೂಗಿ ಕರೆದು ತಿನ್ನಿಸುವ ಸೀಮೆ. ಬೆನ್ನ ಮೇಲೆ ಕೆಂಡ ಹೊತ್ತು ಬರುವ ಮೋಟಾರನ್ನು ಅವರು ತಮ್ಮ ಲೆಕ್ಕಕ್ಕೆ ತಕ್ಕಂತೆ ತಿಳಿದುಕೊಂಡಿದ್ದರು.

ಕಥೆಯಾಗಿದ್ದರೆ ಇಲ್ಲಿಗೆ ರೋಗ ಗುಣವಾಗಬೇಕು. ಹೊಟ್ಟು ಕೆರೆದು ಬಾಗಿಲು ಬಿಗಿದ ದಿನ ಮೋಟಾರು ಏರು ಹತ್ತಿತು, ಹೌದು. ಮುಂದಿನ ದಿನಗಳಲ್ಲೂ ಹತ್ತಿತು. ಆದರೆ ಅದೇ ವಾರ ಒಳ್ಳೆಯ ಇದ್ದಿಲು ಬಂದಿತ್ತು, ಜನ ಬಾಕು ತುಂಬುವಷ್ಟು ಇರಲಿಲ್ಲ. ಯಾವುದು ಎಷ್ಟು ಕೆಲಸ ಮಾಡಿತೆಂದು ನಾನು ಪ್ರಮಾಣ ಮಾಡಲಾರೆ. ತುಂಬಿದ ಮೋಟಾರು ಏರು ಹತ್ತಿದ್ದನ್ನು ಒಮ್ಮೆಯೂ ನೋಡದೆ ಪರೀಕ್ಷೆಯ ದಿನ ಬಂತು.

ಸಾಹೇಬರು ಧಾರವಾಡದ ಕಡೆಯಿಂದ ಬಂದವರೆಂದು ಜನ ಹೇಳಿದರು. ಖಾಕಿ ಪ್ಯಾಂಟು, ತಲೆಗೆ ಬಿಳಿ ಟೊಪ್ಪಿಗೆ, ಮಾತು ಕಡಿಮೆ. ಮೊದಲ ಕೆಲಸವಾಗಿ, ಚಾಲೂ ಮಾಡಲಿಕ್ಕೆಂದು ಇಟ್ಟಿದ್ದ ಸಣ್ಣ ಪೆಟ್ರೋಲು ಡಬ್ಬಿಯ ತಾಮ್ರದ ನಳಿಗೆಯನ್ನು ಬಿಚ್ಚಿಸಿ, ಹಳೇ ಪತ್ರಿಕೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ನಾನು ಉರುಳೆಗೆ ಗಾಳಿ ಎಳೆಯುವ ಕೈಪಂಕ ತಿರುವಿ ಬೆಂಕಿ ಎಬ್ಬಿಸಿದೆ. ಗ್ಯಾಸು ಪರೀಕ್ಷಿಸುವ ನಲ್ಲಿಯ ಬಾಯಿಗೆ ಕಡ್ಡಿ ಗೀರಿದರೆ ಮೊದಲು ಹಳದಿ ಜ್ವಾಲೆ ಪುಕುಪುಕು ಎಂದಿತು. ಆಮೇಲೆ ನೀಲಿಯಾಗಿ ನಿಂತಿತು. ನೀಲಿ ನಿಂತರೆ ಗ್ಯಾಸು ಹಣ್ಣಾಗಿದೆ. ಹ್ಯಾಂಡಲ್ ತಿರುವಿದಾಗ ಎಂಜಿನ್ ಹತ್ತಿಕೊಂಡಿತು.

ಬಾಕುಗಳ ತುಂಬ ಜನ. ಜೈನಾಪುರಕ್ಕೆ ಮಗಳ ಮನೆಗೆ ಹೊರಟಿದ್ದ ಒಬ್ಬ ಮುದುಕಿ ಗಂಟು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬಾಕಿನಲ್ಲಿ ಸಾಹೇಬರ ಪಕ್ಕ ಕೂತಿದ್ದಳು. ಸಾಹೇಬರೂ ಒಂದು ಸೀಟು. ಅವರನ್ನು ಎಣಿಸಿದರೇ ಪೂರ್ತಿ. ಅವರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: “ಏರಿನ್ಯಾಗ ಯಾರೂ ಇಳೀಬಾರ್ದು. ಇಳಿದ್ರ ಪರೀಕ್ಷಾ ಕೆಟ್ಟಂಗ.”

ತಿಕೋಟಾದಲ್ಲಿ ನಾನು ಹೆದರಿದ್ದೇ ಆಯಿತು. ಸಾಹೇಬರು ಬರುತ್ತಾರೆಂದು ಸುದ್ದಿ ಮುಟ್ಟಿತ್ತು. ಎಂದಿಗಿಂತ ಹೆಚ್ಚು ತೆನೆ, ಮೊಸರಿನ ಗಡಿಗೆ ಬೇರೆ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. “ಇವತ್ತ ಬ್ಯಾಡ್ರಿ, ಕೈ ಮುಗೀತೇನಿ” ಎಂದರೆ ಅವರು ನನ್ನ ಪಕ್ಕದಲ್ಲಿದ್ದ ಸಾಹೇಬರ ಮುಖ ನೋಡಿದರು. ಸಾಹೇಬರು ತೆನೆಗಳನ್ನು ನೋಡಿದರು. ಮನೆ ಬಿಟ್ಟು ಬಹಳ ದಿನವಾದವನ ನೋಟ. ಇವರನ್ನು ತಡೆಯುವುದು ಆಗದ ಮಾತು. ಕೊಕ್ಕೆ ತೆಗೆದು, ಬುಸ್ಸೆಂದು ಬರುವ ಕೆಟ್ಟ ಗಾಳಿ ಹೋಗುವ ತನಕ ಎಲ್ಲರನ್ನೂ ದೂರ ನಿಲ್ಲಿಸಿ, ಸಲಿಕೆಯಿಂದ ಬೂದಿಯನ್ನೂ ಕೆಂಡವನ್ನೂ ನೆಲಕ್ಕೆ ಎಳೆದು ಹಾಕಿದೆ. “ಇಲ್ಲಿ ಸುಟ್ಟಕೊಳ್ರಿ, ಎಷ್ಟ ಬೇಕಾದಷ್ಟ.” ಅವರು ನೆಲದ ಕೆಂಡದ ಸುತ್ತ ಕೂತರು. ನಾನು ಹಗ್ಗ ಒರೆಸಿ, ಬಾಗಿಲು ಬಿಗಿದು, ಸಂದಿಗೆ ಬೂದಿ ಕಲಸಿದ ಹಸಿ ಮಣ್ಣು ಮೆತ್ತಿ, ಮತ್ತೆ ನೀಲಿ ಜ್ವಾಲೆ ಬರುವ ತನಕ ಪಂಕ ತಿರುವಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಹಿಂದೆ ಸಾಹೇಬರು, “ಚಟ್ನಿ ಇನ್ನಷ್ಟ ಹಾಕ್ರಿ” ಎನ್ನುವುದು ಕೇಳಿಸಿತು.

ಡೋಣಿಯಲ್ಲಿ ನೀರು ಕಡಿಮೆ. ಮೋಟಾರು ಹರಿವು ದಾಟಿ ಕರಿಮಣ್ಣಿನ ದಂಡೆಗೆ ಮೂತಿ ಎತ್ತಿತು. ನಾನು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಏಣಿ ಹಿಡಿದು ನಿಂತಿದ್ದೆ. ಡ್ರೈವರ್ ಮೊದಲ ಗೇರು ಹಾಕಿದ. ಸದ್ದು ಇಳಿಯಿತು, ಇಳಿಯಿತು, ಒಂದೊಂದು ಹೊಡೆತವನ್ನೂ ಬೇರೆಬೇರೆಯಾಗಿ ಕೇಳಬಹುದಾಗಿತ್ತು. ಅವನು ಗಾಳಿಯ ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸಿರಬೇಕು, ಹೊಡೆತ ತುಸು ಗಟ್ಟಿಯಾಯಿತು. ಮುದುಕಿ ಗಂಟು ಎತ್ತಿಕೊಂಡು ಎದ್ದಳು.

“ಕುಂಡ್ರಬೇ, ಇಳೀಬ್ಯಾಡ!” ಎಂದು ನಾನು ಕೈ ಅಡ್ಡ ಹಾಕಿದೆ.

“ಭಾರ ಆಗ್ತೈತೋ ಯಪ್ಪಾ ಅದಕ್ಕ. ನೋಡು, ಹ್ಯಾಂಗ ತೇಕಾಕತ್ತೈತಿ.”

“ಆಗಲಿ ಬಿಡಬೇ, ಕುಂಡ್ರು!”

ಅವಳನ್ನು ಕೂಡಿಸುವುದರಲ್ಲಿ ನನ್ನ ಇನ್ನೊಂದು ಮಗ್ಗುಲಿಂದ ಯಾರೋ ನುಸುಳಿ ಇಳಿದರು. ಖಾಕಿ ಪ್ಯಾಂಟು. ಸಾಹೇಬರು ನೆಲಕ್ಕೆ ಕಾಲಿಟ್ಟು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಎತ್ತಿನ ಗಾಡಿಯ ಜೊತೆ ಏರು ಹತ್ತುವವರು ನಡೆಯುವಂತೆ ಮೊಳಕಾಲ ಮೇಲೆ ಕೈಯೂರಿ ನಡೆಯತೊಡಗಿದರು. ತಾವು ಇಳಿದದ್ದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಮೋಟಾರು ನೆತ್ತಿ ಹತ್ತಿ ನಿಂತಿತು. ಒಳಗಿನವರು ಹೋ ಎಂದು ಕೂಗಿದರು. ಡ್ರೈವರ್ ಇಳಿದು ಓಡಿಬಂದ. ನಾನು ಕೆಳಗೆ ಬೆರಳು ತೋರಿಸಿದೆ. ಸಾಹೇಬರು ಧೂಳಿನಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದರು.

ಡ್ರೈವರ್ ನನ್ನ ಕಿವಿಯಲ್ಲಿ ಹೇಳಿದ: “ನಿಮ್ಮ ಕಾಲ ಬೀಳ್ತೇನಿ ಮಿಸ್ತ್ರಿ, ಬಾಯಿ ಮುಚ್ಚಕೊಂಡಿರ್ರಿ. ಏರೇತಿ. ಮುಗೀತು.”

ಸಾಹೇಬರು ಬಂದು ಟೊಪ್ಪಿಗೆ ಜಾಡಿಸಿದರು. “ಏರಿತು” ಎಂದರು.

ಆ ಕ್ಷಣ ಸುಮ್ಮನಿದ್ದರೆ ಪರವಾನಿಗೆ ನಮ್ಮದು. ಪೂರ್ತಿ ಜನರಿಗೆ ಪರವಾನಿಗೆ ಸಿಕ್ಕರೆ ಮಾಲಕರು ಪೂರ್ತಿ ತುಂಬುತ್ತಾರೆ. ತುಂಬಿದ ಮೋಟಾರು ಈ ದಂಡೆಯ ನಡುವೆ ಸತ್ತರೆ ಬ್ರೇಕು ಹಿಡಿಯುತ್ತದೆಯೇ? ಆಮೇಲೆ ಕೇಳಿದವರಿಗೆಲ್ಲ ನಾನು ಈ ಕಾರಣವನ್ನೇ ಹೇಳುತ್ತ ಬಂದಿದ್ದೇನೆ. ಅದು ಸುಳ್ಳಲ್ಲ. ಆದರೆ ಏರಿದ್ದು ಯಾಕೆಂದು ತಿಳಿಯದೆ ಇನ್ನೊಮ್ಮೆ ಬೆನ್ನು ತಟ್ಟಿಸಿಕೊಳ್ಳುವುದು ನನ್ನಿಂದಾಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

“ಸಾಹೇಬ್ರ, ನೀವು ಒಳಗ ಇದ್ದಿದ್ದಿಲ್ರಿ.”

ಡ್ರೈವರ್ ಹಣೆ ಬಡಿದುಕೊಂಡ. ಸಾಹೇಬರು ತಮ್ಮ ಬೂಟು ನೋಡಿಕೊಂಡರು, ಏರಿನ ಬುಡ ನೋಡಿದರು, ಮುಖ ಕೆಂಪಾಯಿತು. ಮಾತಾಡಿದಾಗ ದನಿಯಲ್ಲಿ ಕಚೇರಿಯ ಗತ್ತು ಇರಲಿಲ್ಲ. “ನಮ್ಮಪ್ಪ ಗಾಡಿ ಹೊಡೀತಿದ್ದ. ಏರ ಬಂದಾಗ ಕುಂತೇ ಇದ್ರ ಎತ್ತಿನ ಬಾರಕೋಲ ನಮಗ ಬೀಳತಿತ್ತು.” ಆಮೇಲೆ, “ಹಿಂದಕ್ಕ ತಗೀರಿ” ಎಂದರು.

ಮೋಟಾರನ್ನು ಹಿಮ್ಮುಖವಾಗಿ ಹೊಳೆಯ ತನಕ ಇಳಿಸಿದೆವು. ಇಳಿಯುವಾಗ ಎಂಜಿನ್ ಉಸಿರು ಕಡಿಮೆ ಎಳೆಯುತ್ತದೆ, ಬೆಂಕಿ ಮಂಕಾಗುತ್ತದೆ. ಮತ್ತೆ ಪಂಕ ತಿರುವಿದೆ, ನೀಲಿ ಬರಿಸಿದೆ. ಸಾಹೇಬರು ಮುಂದಿನ ಬಾಕಿನ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತರು. ಮುದುಕಿ ಅವರ ತೋಳಿನ ಮೇಲೆ ಕೈಯಿಟ್ಟು, “ಏಳಬ್ಯಾಡೋ ಯಪ್ಪಾ, ನಾ ಹಿಡದೇನಿ ನಿನ್ನ” ಎಂದಳು. ಮೋಟಾರೆಲ್ಲ ನಕ್ಕಿತು. ಅವರೂ ನಕ್ಕರು.

ನಗು ಅರ್ಧ ಏರಿನಲ್ಲಿ ನಿಂತಿತು. ಹೊಡೆತಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು. ಡ್ರೈವರನ ಬೆನ್ನು ಬಾಗಿತು, ಹಿಡಿಕೆ ಸರಿಸಿದ, ಮತ್ತೆ ಸರಿಸಿದ. ನೆತ್ತಿ ಮಾರುದೂರ ಇದ್ದಾಗ ಎಂಜಿನ್ ಒಮ್ಮೆ ಸೀನಿ ಸತ್ತಿತು. ಕೈಬ್ರೇಕು ಕಿರುಗುಟ್ಟಿತು, ಮೋಟಾರು ಹಿಂದಕ್ಕೆ ಜಾರಿತು. ನಾನು ಹಾರಿ ಗಾಲಿಯ ಹಿಂದೆ ಕಲ್ಲು ನೂಕಿದೆ. ಕಲ್ಲು ಕರಿಮಣ್ಣಿನಲ್ಲಿ ಹುಗಿದುಕೊಂಡಿತು. ನಿಂತಿತು. ಯಾರೂ ಇಳಿಯಲಿಲ್ಲ. ಇಳಿಯಬಾರದೆಂದು ಸಾಹೇಬರು ಹೇಳಿದ್ದರಲ್ಲ.

ಕೊನೆಗೆ ಸಾಹೇಬರೇ ಇಳಿದರು, ಈ ಸಲ ತಿಳಿದು. “ಈಗ ಹೊಡಿ” ಎಂದರು. ನಾನು ಪಂಕ ತಿರುವಿದೆ, ಕ್ಲೀನರ್ ಹ್ಯಾಂಡಲ್ ತಿರುವಿದ. ನಿಂತಲ್ಲಿಂದಲೇ ಎದ್ದು ಮೋಟಾರು ನೆತ್ತಿ ಮುಟ್ಟಿತು. ಬೆಂಕಿಯನ್ನು ಹೊಸದಾಗಿ ಊದಿದ್ದಕ್ಕೋ, ಒಬ್ಬರು ಇಳಿದದ್ದಕ್ಕೋ? ನನಗೆ ಗೊತ್ತಿಲ್ಲ. ಸಾಹೇಬರಿಗೂ ಗೊತ್ತಿರಲಿಲ್ಲ. ಆದರೆ ಅವರು ಕಂಡದ್ದನ್ನಷ್ಟೇ ಬರೆಯುವವರಾಗಿದ್ದರು. ತಾಮ್ರದ ನಳಿಗೆಯನ್ನು ನನ್ನ ಕೈಗೆ ಮರಳಿಸಿ ಹೇಳಿದರು: “ಪರವಾನಿಗಿ ಕೊಡ್ತೇನಿ. ಒಂದ ಸೀಟ ಕಡಿಮಿ.”

ಬಬಲೇಶ್ವರದಲ್ಲಿ ಇಳಿದ ಮೇಲೆ ಡ್ರೈವರ್ ನನಗೆ ಹೇಳಿದ: “ನಿಮ್ಮ ಬಾಯಿಗೂ ಒಂದ ಕಲ್ನಾರಿನ ಹಗ್ಗ ಬೇಕಾಗಿತ್ತ ನೋಡ್ರಿ.”

ಮಾಲಕರು ಹಿಂದಿನ ಬಾಕಿನ ತುದಿಗೆ ಅಡ್ಡಪಟ್ಟಿ ಬಡಿಸಿ ಒಂದು ಸೀಟು ಮುಚ್ಚಿಸಿದರು. ಜನ ಆ ಪಟ್ಟಿಯ ಮೇಲೆಯೇ ಕೂತರು. ಆ ದಾರಿಯಲ್ಲಿ ಮೋಟಾರು ಓಡಿದಷ್ಟು ಕಾಲ ಒಬ್ಬರು ಕಡಿಮೆ ಹತ್ತಿದ್ದನ್ನು ನಾನು ಕಾಣೆ. ಡೋಣಿ ದಾಟಿ ಡ್ರೈವರ್ ಮೊದಲ ಗೇರಿಗೆ ಕೈ ಹಾಕಿದ ಸದ್ದಿಗೆ ಒಳಗಿನಿಂದ ಯಾರಾದರೊಬ್ಬರು ಇಳಿದು ಪಕ್ಕದಲ್ಲಿ ನಡೆಯುತ್ತಿದ್ದರು. ಯಾರು ಇಳಿಯಬೇಕೆಂದು ಅವರೊಳಗೆ ಮಾತು ನಡೆದದ್ದು ನನಗೆ ಎಂದೂ ಕೇಳಿಸಲಿಲ್ಲ. ನಾನು ಹೋದ ದಿನಗಳಲ್ಲಿ ಇಳಿಯುತ್ತಿದ್ದವನು ನಾನು.